ಗಸ್ ಇಲ್ಲದ ಲಾರಿ

ನೆಬ್ರಾಸ್ಕಾದ ಹೆದ್ದಾರಿ ಬದಿಯ ನಮ್ಮ ಹೋಟೆಲಿಗೆ ಬರುವ ಲಾರಿ ಚಾಲಕರಲ್ಲಿ ವರ್ಲಿನ್ ಕೊಸ್ಮಿಕಿ ಒಬ್ಬನೇ ಎರಡು ಊಟ ಕಟ್ಟಿಸಿಕೊಳ್ಳುತ್ತಿದ್ದ. ತನಗೊಂದು, ಗಸ್‌ಗೊಂದು. ಗಸ್ ಅವನ ಬೂದು ಗಂಡು ಬೆಕ್ಕು. ಮದುವೆಯಾಗದ ವರ್ಲಿನ್‌ಗೆ ಮನೆಯೆಂದರೆ ಲಾರಿ, ಮನೆಯವರೆಂದರೆ ಪಕ್ಕದ ಸೀಟಿನ ಗಸ್.

ಆಗಸ್ಟ್‌ನ ಒಂದು ಮಧ್ಯಾಹ್ನ ವರ್ಲಿನ್ ಒಳಗೆ ಓಡಿಬಂದ.

"ಲೊರೆಟಾ, ಸ್ವಲ್ಪ ಬಂದು ನೋಡು. ಗಸ್‌ಗೆ ಮಲಬದ್ಧತೆ ಆಗಿದೆ ಅನ್ಸತ್ತೆ. ಮರಳಿನ ತಟ್ಟೇಲಿ ಕೂತು ತಿಣುಕ್ತಾನೆ, ಏನೂ ಬರ್ತಿಲ್ಲ."

ಹೋಗಿ ನೋಡಿದೆ. ಗಸ್ ಮಲಮೂತ್ರಕ್ಕೆಂದು ಲಾರಿಯಲ್ಲಿಟ್ಟಿದ್ದ ಮರಳಿನ ತಟ್ಟೆಯಲ್ಲಿ ಕೂರುತ್ತಿದ್ದ, ನರಳುತ್ತಿದ್ದ, ಎದ್ದು ಬಾಲದ ಕೆಳಗೆ ನೆಕ್ಕಿಕೊಳ್ಳುತ್ತಿದ್ದ. ಮರಳು ಒಣಗಿತ್ತು.

"ಬೆಳಿಗ್ಗೆಯಿಂದ ಉಚ್ಚೆ ಹೊಯ್ದಿದಾನಾ?"

ವರ್ಲಿನ್ ಬಗ್ಗಿ ಮರಳನ್ನು ಬೆರಳಿಂದ ಕೆದಕಿ ನೋಡಿದ. ನಾನು ಊರಿನ ಪಶುವೈದ್ಯೆಗೆ ಫೋನ್ ಮಾಡಿದೆ. "ಗಂಡು ಬೆಕ್ಕಾ? ಈಗ್ಲೇ ಕರ್ಕೊಂಡ್ಬನ್ನಿ" ಎಂದರು.

ಮೂತ್ರನಾಳ ಕಟ್ಟಿಕೊಂಡು ಮೂತ್ರಕೋಶ ಕಲ್ಲಿನಂತಾಗಿತ್ತು. ಅರಿವಳಿಕೆ ಕೊಟ್ಟು ನಳಿಗೆ ಹಾಕಿದಾಗ ರಕ್ತ ಬೆರೆತ ಮೂತ್ರದೊಂದಿಗೆ ಸಣ್ಣ ಹರಳುಗಳು ಬಂದವು. ಗಸ್ ಬದುಕಿಕೊಂಡ. ಆದರೆ ಅಕ್ಟೋಬರಿನಲ್ಲಿ ಮತ್ತೆ ಕಟ್ಟಿತು.

"ಇವನಿಗೆ ನೀರಿನಂಶ ಇರೋ ಮೆತ್ತನೆ ಆಹಾರ ಬೇಕು, ಹೆಚ್ಚು ನೀರು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ನೆಮ್ಮದಿ ಬೇಕು" ಎಂದರು ವೈದ್ಯೆ. "ಗಾಬರಿಯಾದ್ರೂ ಇದು ಮರುಕಳಿಸತ್ತೆ. ಸದ್ಯಕ್ಕೆ ಲಾರಿ ಬೇಡ."

ವರ್ಲಿನ್ ಅವನನ್ನು ಅಕ್ಕ ಡೊರೀನ್‌ಳ ಮನೆಯಲ್ಲಿ ಬಿಟ್ಟು ಬಂದ. ಆಮೇಲೆ ನಮ್ಮಲ್ಲಿ ಕೂತಾಗಲೆಲ್ಲ ಫೋನ್ ತೆಗೆಯುತ್ತಿದ್ದ. ತನ್ನ ಕಿವಿ ಮಂದವಾದ್ದರಿಂದ ಡೊರೀನ್‌ಳ ದನಿ ನಮಗೂ ಕೇಳುವಷ್ಟು ಜೋರಾಗಿ ಇಟ್ಟಿರುತ್ತಿದ್ದ.

"ಅಕ್ಕ, ಹೊಯ್ದನಾ?"

"ಹೊಯ್ದ ಕಣೋ! ಅಪ್ಪಂಗೆ ಪ್ರಾಸ್ಟೇಟ್ ಆಪರೇಷನ್ ಆದಾಗ ಒಂದ್ಸಲನಾದ್ರೂ ಹೀಗೆ ಕೇಳಿದ್ಯಾ?"

"ಫೋನ್ ಗಸ್ ಕಿವಿ ಹತ್ರ ಹಿಡಿಯೇ."

ಆಮೇಲೆ ವರ್ಲಿನ್‌ನ ದನಿಯೇ ಬೇರೆ. ಯಾವ ಊರು ದಾಟಿದೆ, ಎಲ್ಲಿ ಮಂಜು ಬಿತ್ತು, ಎಷ್ಟು ಜಿಂಕೆ ಕಂಡವು, ಎಲ್ಲವನ್ನೂ ಹೇಳುತ್ತಿದ್ದ. ಆ ಕಡೆಯಿಂದ ಒಂದು ಸದ್ದಾದರೂ ಬಂದೀತೇನೋ ಎಂದು ಕಾಯುತ್ತಿದ್ದ. ತಟ್ಟೆಯಲ್ಲಿದ್ದ ಊಟ ಆರಿಹೋಗುತ್ತಿತ್ತು. ಪಕ್ಕದ ಸೀಟಿನಲ್ಲಿ ಚೀಲ ಇಡಲೂ ಅವನಿಗೆ ಮನಸ್ಸು ಬರುತ್ತಿರಲಿಲ್ಲ.

ಚಳಿಗಾಲವೆಲ್ಲ ಗಸ್‌ಗೆ ಏನೂ ಆಗಲಿಲ್ಲ. ಬೇಕಿದ್ದರೆ ಜೊತೆಗೆ ಕರೆದೊಯ್ದು ನೋಡಿ ಎಂದು ಮಾರ್ಚಿನಲ್ಲಿ ವೈದ್ಯೆ ಒಪ್ಪಿದರು. ವರ್ಲಿನ್ ಗಡ್ಡ ಬೋಳಿಸಿಕೊಂಡು, ಬೆಕ್ಕನ್ನು ಒಯ್ಯುವ ಹೊಸ ಬುಟ್ಟಿ ಕೊಂಡು ಅಕ್ಕನ ಮನೆಗೆ ಹೊರಟ.

ಮರುದಿನ ಒಬ್ಬನೇ ಬಂದ. ಹೊರಗೆ ಹಿಮಗಾಳಿ. ಅವನ ಮೈಮೇಲೆ ಬರೀ ಅಂಗಿ.

"ಗಸ್ ಎಲ್ಲಿ?" ಎಂದೆ.

"ಅಲ್ಲೇ ಇದಾನೆ. ಕಿಟಕಿ ಬಿಸಿಲಲ್ಲಿ ಮಲಗಿರ್ತಾನೆ, ಎದ್ದು ನೀರು ಕುಡೀತಾನೆ, ಮತ್ತೆ ಮಲಗ್ತಾನೆ. ಬುಟ್ಟಿ ನೋಡಿದ್ದೇ ಮಂಚದ ಕೆಳಗೆ ಹೋಗಿ ನಡುಗ್ತಾ ಕೂತ. ಬುಟ್ಟೀನ ಅಕ್ಕಂಗೇ ಕೊಟ್ಬಿಟ್ಟೆ."

"ನೀನೂ ಅಲ್ಲೇ ಇದ್ಬಿಡು ಮಾರಾಯ."

"ಅವನಿಗೆ ಗಾಡಿ ಆಗಲ್ಲ, ನಂಗೆ ಮನೆ ಆಗಲ್ಲ."

ಕಾಫಿ ಬಗ್ಗಿಸಿ ಕೊಟ್ಟೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನಡುಗುತ್ತಿದ್ದ.

"ಕೋಟ್ ಎಲ್ಲೋ?"

"ಬೆಳಿಗ್ಗೆ ಅದರ ಮೇಲೆ ಮಲಗಿದ್ದ" ಎಂದ. "ಎಬ್ಸೋಕೆ ಮನಸ್ಸಾಗ್ಲಿಲ್ಲ."