ಅಂಗಳದಲ್ಲಿ ಹರಿದ ಮಲಪ್ರಭೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಗುಡೂರಿನ ನಮ್ಮ ಶಾಲೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಕಳೆದ ವರ್ಷ ಆ ಶನಿವಾರ ಯಾರಿಗಾದರೂ ಸಿಟ್ಟು ಬರುತ್ತಿತ್ತು. ಹೆಡ್‌ಮಾಸ್ತರರು ಬೆಳಿಗ್ಗೆ ಬೆಳಿಗ್ಗೆಯೇ ಕರೆದು, ನನ್ನ ಶನಿವಾರದ ನಕಾಶೆ ಪಿರಿಯಡ್ಡನ್ನು ಗಣಿತಕ್ಕೆ ಕೊಡುವುದಾಗಿ ಹೇಳಿಬಿಟ್ಟರು.

“ನಕಾಶಿ ಅಂದ್ರ ಏನ್ರಿ ಮೇಡಮ್ಮಾರ? ಹಾಳಿ ಮ್ಯಾಲ ನಾಕು ಗೀಟು. ಈಗ ಎಲ್ಲಾ ಮೊಬೈಲ್‌ನ್ಯಾಗ ಬರ್ತೈತಿ.”

“ನಾಕು ಗೀಟಲ್ರಿ ಸರ್! ಇವತ್ತ ನನ್ನ ಪಿರಿಯಡ್ಡಿಗೆ ನೀವ ಬಂದು ನೋಡ್ರಿ. ಆಮ್ಯಾಲ ಬೇಕಾದ್ರ ಕಸಗೋರಿ.”

ಜೋರಾಗಿ ಹೇಳಿ ಬಂದೆನೇ ಹೊರತು, ಏನು ತೋರಿಸುವುದು? ಒಂದೂ ಹೊಳೆಯಲಿಲ್ಲ. ತರಗತಿಗೆ ಹೋಗಿ ಗೋಡೆಗೆ ಜಿಲ್ಲೆಯ ನಕಾಶೆ ತೂಗುಹಾಕಿ, ಮಲಪ್ರಭೆ ಹರಿಯುವ ದಾರಿಯನ್ನು ಬೆರಳಿಟ್ಟು ತೋರಿಸಿದೆ. ನೇಕಾರರ ಮನೆಯ ಒಬ್ಬ ಹುಡುಗಿ ಎದ್ದು ನಿಂತಳು. ವಾದಕ್ಕೆ ಇಳಿದರೆ ಬಿಡುವವಳಲ್ಲ.

“ಅಕ್ಕೋರ, ಇದು ಸುಳ್ಳು. ಕುಳಗೇರಿ ಕ್ರಾಸ್ ಕೆಳಗೈತಿ, ಕೂಡಲಸಂಗಮ ಮ್ಯಾಲೈತಿ. ನೀರು ಎಲ್ಲ್ಯಾರ ಮ್ಯಾಲ ಏರ್ತೈತೇನ್ರಿ?”

“ಖರೇರಿ ಅಕ್ಕೋರ!” ಎಂದು ಇಡೀ ತರಗತಿ ಅವಳ ಪಾರ್ಟಿಯಾಯಿತು.

ನನಗೆ ಸಿಟ್ಟು ಬರಲಿಲ್ಲ, ಖುಷಿಗೆ ಮೈ ಜುಮ್ಮೆಂದಿತು. ಭಲೇ ಹುಡುಗಿ! ಗೋಡೆಗೆ ತೂಗುಹಾಕಿದ ನಕಾಶೆಯಲ್ಲಿ ಉತ್ತರ ಅಂದರೆ ಇವರಿಗೆ ಎತ್ತರ.

“ನಡೀರಿ ಹೊರಗ! ಜಿಲ್ಲಾನ ನೆಲದ ಮ್ಯಾಲ ಬರಿಯೂಣು.”

ಸೂರ್ಯನನ್ನು ನೋಡಿ ಉತ್ತರ ಗುರುತಿಸಿ, ಅಂಗಳದ ತುಂಬ ರಂಗೋಲಿ ಪುಡಿಯಲ್ಲಿ ಜಿಲ್ಲೆ ಬರೆದೆವು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ತಂತಮ್ಮ ದಿಕ್ಕಿಗೆ ಕೂತವು. ಅಜ್ಜಿಯ ಊರೆಂದು ಒಬ್ಬಳು ಬೇವೂರಿಗೆ ಬೆಣಚುಕಲ್ಲು ಇಟ್ಟಳು. ಕೂಡಲಸಂಗಮ ಬರೆದದ್ದೇ ತಡ, ಮಕ್ಕಳೆಲ್ಲ ಚಪ್ಪಲಿ ಕಳಚಿ ಮರದ ಕೆಳಗೆ ಬಿಟ್ಟು ಬಂದರು. ನಾನೇನೂ ಹೇಳಿರಲಿಲ್ಲ. ಆಮೇಲೆ ಒಬ್ಬರೂ ಸಂಗಮವನ್ನು ತುಳಿಯದೆ ಸುತ್ತುಹಾಕಿಯೇ ಓಡಾಡಿದರು.

ಅಷ್ಟರಲ್ಲಿ ಹೆಡ್‌ಮಾಸ್ತರರು ಬಂದು ಕೈಕಟ್ಟಿ ನಿಂತರು. ಮಲಪ್ರಭೆ ಹರಿಸಿ ತೋರಿಸಲು ನಾನು ಕುಳಗೇರಿ ಕ್ರಾಸಿನ ಮಗ್ಗುಲಲ್ಲಿ ನೀರಿನ ಕೊಡ ಬಗ್ಗಿಸಿದೆ. ನೀರು ಸಂಗಮದ ಕಡೆ ತಲೆಯನ್ನೂ ಹಾಕದೆ, ಸರ್ರನೆ ದಕ್ಷಿಣಕ್ಕೆ ಹರಿದು ಗೇಟು ಸೇರಿತು!

“ಮುಗೀತಲ್ರಿ ಮೇಡಮ್ಮಾರ?” ಹೆಡ್‌ಮಾಸ್ತರರು ನಕ್ಕರು. ಹೋಯಿತು ನನ್ನ ಪಿರಿಯಡ್ಡು!

ಆ ಹುಡುಗಿ ಮಾತ್ರ ಕುಕ್ಕರಗಾಲಲ್ಲಿ ಕೂತು ಹಸಿನೆಲವನ್ನೇ ನೋಡುತ್ತಿದ್ದಳು.

“ತಡೀರಿ ಸರ್. ನಮ್ಮ ಅಂಗಳ ಗೇಟಿನ ಕಡೆ ಇಳಿಜಾರ ಐತಿ. ನಾವು ಬರೇ ದಿಕ್ಕು ಬರದೀವಿ. ಎತ್ತರ ಎಲ್ಲಿ ಬರದೀವ್ರಿ?”

ಅವಳನ್ನು ಎತ್ತಿ ಕುಣಿಯಬೇಕೆನಿಸಿತು ನನಗೆ. ನೀರಿಗೆ ಉತ್ತರವೂ ಗೊತ್ತಿಲ್ಲ, ದಕ್ಷಿಣವೂ ಗೊತ್ತಿಲ್ಲ, ಇಳಿಜಾರು ಮಾತ್ರ ಗೊತ್ತು. ನಾನು ಬಾಯಿಬಿಡುವ ಮೊದಲೇ ಮಕ್ಕಳು ಮಣ್ಣಿಗೆ ಓಡಿದರು. ಕುಳಗೇರಿ ಕಡೆ ಎತ್ತರಕ್ಕೆ ಒಟ್ಟಿ, ಸಂಗಮದವರೆಗೆ ಇಳಿಸುತ್ತ ಬಂದು, ನಡುವೆ ಬೆರಳಿನಿಂದ ಹೊಳೆ ಕೊರೆದರು. ಈ ಸಲ ಕೊಡ ಅವಳ ಕೈಗೇ ಕೊಟ್ಟೆ.

ನೀರು ಹೊರಟಿತು! ಪಟ್ಟದಕಲ್ಲಿನ ಹತ್ತಿರ ಉತ್ತರಕ್ಕೆ ಹೊರಳಿತು!

“ಐಹೊಳಿಗೆ ಬಂತ್ರಿ! ಲೇ, ಅಡ್ಡ ನಿಂದರಬ್ಯಾಡ್ರಲೇ!”

ಹೊಳೆಯ ಎರಡೂ ದಂಡೆಯಲ್ಲಿ ಮಕ್ಕಳು ಕೇಕೆ ಹಾಕುತ್ತ ಓಡಿದರು, ಅವರ ಜೊತೆ ನಾನೂ. ಹೆಡ್‌ಮಾಸ್ತರರೂ ಕಟ್ಟಿದ ಕೈ ಬಿಟ್ಟು, ನೀರಿನ ಮೇಲೆಯೇ ಕಣ್ಣಿಟ್ಟು ಹೆಜ್ಜೆ ಹೆಜ್ಜೆಯಾಗಿ ಮುಂದೆ ಬಂದರು.

“ಸರ್! ಚಪ್ಪಲಿ!” ಮಕ್ಕಳೆಲ್ಲ ಒಟ್ಟಿಗೆ ಕಿರುಚಿದರು. “ಸಂಗಮದ ಮ್ಯಾಲ ನಿಂತೀರಿ!”

ಅವರು ಕೆಂಡ ತುಳಿದವರ ಹಾಗೆ ಹಿಂದಕ್ಕೆ ಜಿಗಿದರು. ಚಪ್ಪಲಿ ಕಳಚಿ ದೂರ ಸರಿಸಿದರು. ಆಗಲೇ ನೀರು ಬಂದು ರಂಗೋಲಿಯ ಸಂಗಮ ಮುಟ್ಟಿತು. ಅವರು ಬಗ್ಗಿ ಬೆರಳು ಅದ್ದಿ ಕಣ್ಣಿಗೆ ಒತ್ತಿಕೊಂಡರು.

ನಾನು ಬಿಡುತ್ತೇನೆಯೇ? “ಯಾಕ್ರಿ ಸರ್, ನಾಕು ಗೀಟಲ್ಲೇನ್ರಿ?”

ಅವರು ಬರಿಗಾಲಲ್ಲಿ ನಡೆದು ಹೋಗಿ ಆ ಹುಡುಗಿಯ ಪಕ್ಕ ಕೂತರು.

“ಇಳಕಲ್ಲ ಬಾಜೂಕ ನಮ್ಮವ್ವನ ಊರೈತಿ. ಅದನ್ನ ಬಿಟ್ಟೀರಲ್ಲ?”

“ಮುಂದಿನ ಶನಿವಾರ ಬರ್ರಿ ಸರ್,” ಎಂದಳು ಅವಳು. “ಬರಿಯೂಣು.”

“ಬರ್ತೇನಿ,” ಎಂದರು ಹೆಡ್‌ಮಾಸ್ತರರು.