ದೆಬ್ರುಯೆ ಎಂಬ ಮಾತು

ಎಪ್ಪತ್ತರ ದಶಕದ ಕೊನೆಯ ಒಂದು ಚಳಿಗಾಲ ದಾಂಡೇಲಿಯ ಅಕ್ಕನ ಮನೆಯಲ್ಲಿದ್ದೆ. ಕಾಗದದ ಕಾರ್ಖಾನೆಗೆ ಯಂತ್ರ ಕೂಡಿಸಲು ಫ್ರಾನ್ಸಿನಿಂದ ಬಂದಿದ್ದ ಎಂಜಿನಿಯರನ ಹೆಂಡತಿಗೆ ನಾನು ದುಭಾಷಿ. ಧಾರವಾಡದ ಕಾಲೇಜಿನಲ್ಲಿ ಕಲಿತ ನನ್ನ ಅರೆಬರೆ ಫ್ರೆಂಚಿಗೆ ಅದೃಷ್ಟ ಖುಲಾಯಿಸಿತ್ತು. ಆಕೆ ಹೊರಟ ಕೂಡಲೇ ಅಪ್ಪ ಬಂದು ನನ್ನನ್ನು ಊರಿಗೆ ಕರೆದೊಯ್ಯುವುದು, ಗಂಡಿನ ಕಡೆಯವರ ಮುಂದೆ ಕೂಡಿಸುವುದು ಎಂದು ಮಾತಾಗಿತ್ತು. ಮದುವೆಯೇ ಬೇಡವೆಂದಲ್ಲ, ಅಷ್ಟು ಬೇಗ ಬೇಡವಾಗಿತ್ತು.

ಆಕೆಗೋ ನಾನು ಬೇಕೇ ಆಗಿರಲಿಲ್ಲ. ಸಂತೆಗೆ ಜೊತೆ ಬರುತ್ತೇನೆಂದರೂ, ಹಳಿಯಾಳದ ಬಸ್ಸು ತೋರಿಸುತ್ತೇನೆಂದರೂ ಒಂದೇ ಮಾತು: 'ಜ ಮ ದೆಬ್ರುಯ್.' ನನ್ನ ಫ್ರೆಂಚ್-ಇಂಗ್ಲಿಷ್ ನಿಘಂಟಿನಲ್ಲಿ ದೆಬ್ರುಯೆ ಎಂಬ ಆ ಕ್ರಿಯಾಪದಕ್ಕೆ ಸಿಕ್ಕು ಬಿಡಿಸು ಎಂದಿತ್ತು. ಬಸ್ಸಿಗೆ ಹೋಗುವವಳಿಗೆ ಎಂಥ ಸಿಕ್ಕು? ಆಕೆ ಕೈಸನ್ನೆಯಲ್ಲೇ ಬದನೆಕಾಯಿ ಚೌಕಾಸಿ ಮಾಡಿ, ತಪ್ಪು ಬಸ್ಸು ಹತ್ತಿ ಜೋಯಿಡಾ ಮುಟ್ಟಿ, ಸಂಜೆ ಯಾರದೋ ಲಾರಿಯಿಂದ ನಗುತ್ತ ಇಳಿದಾಗ ಅರ್ಥ ಹೊಳೆಯಿತು. ಇದ್ದುದರಲ್ಲೇ ಹೇಗೋ ಮಾಡಿಕೊಂಡು ಹೋಗುವುದು. ಇಂಗ್ಲಿಷಿನ ಮ್ಯಾನೇಜ್ ಅದರ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಲಾರಿಯ ಧೂಳಿಲ್ಲ. ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು.

ಅವಳು ಹೊರಡುವ ದಿನ ಹತ್ತಿರ ಬಂದಾಗ ನಾಚಿಕೆ ಬಿಟ್ಟು ಕೇಳಿದೆ, ಗಂಡನಿಗೆ ಹೇಳಿ ಕಾರ್ಖಾನೆಯಲ್ಲಿ ನನಗೊಂದು ಟೈಪಿಸ್ಟ್ ಕೆಲಸ ಕೊಡಿಸಬಹುದೇ ಎಂದು. ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದವಳು ತಲೆ ಎತ್ತಲಿಲ್ಲ.

'ದೆಬ್ರುಯ್ ತ್ವಾ,' ಅಂದಳು.

ಅದೇ ಕ್ರಿಯಾಪದ. ತನ್ನ ಬಗ್ಗೆ ಹೇಳಿಕೊಂಡರೆ ಹೆಮ್ಮೆ. ಎದುರಿನವರಿಗೆ ಹೇಳಿದರೆ, ನಿನ್ನದು ನೀನು ನೋಡಿಕೋ ಎಂದು ಕೈ ತೊಳೆದುಕೊಂಡ ಹಾಗೆ. ನಿಘಂಟು ಇದನ್ನು ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ದರ್ಜಿಯ ಅಂಗಡಿಗೆಂದು ಅಕ್ಕನಿಗೆ ಸುಳ್ಳು ಹೇಳಿ ಅಂಬಿಕಾನಗರದ ಬಸ್ಸು ಹತ್ತಿದೆ. ಅಲ್ಲಿಯ ಒಂದು ಶಾಲೆಗೆ ಇಂಗ್ಲಿಷ್ ಕಲಿಸುವವರು ಬೇಕಾಗಿದ್ದಾರೆಂದು ಕಿವಿಗೆ ಬಿದ್ದಿತ್ತು. ದಾರಿಯುದ್ದಕ್ಕೂ ಸಿಟ್ಟು, ಅವಳ ಮೇಲೋ ನನ್ನ ಮೇಲೋ ತಿಳಿಯದು. ಹೆಡ್‌ಮಾಸ್ತರರು ಏನೇನೋ ಕೇಳಿದರು, ನಾನು ಏನೇನೋ ಹೇಳಿದೆ. ಸೋಮವಾರದಿಂದ ಬನ್ನಿ ಎಂದರು.

ಮನೆಗೆ ಬಂದರೆ, ಹೇಳಿದ್ದಕ್ಕಿಂತ ಮೊದಲೇ ಬಂದಿದ್ದ ಅಪ್ಪ ಪಡಸಾಲೆಯಲ್ಲಿ ಕೂತಿದ್ದರು. ಅಕ್ಕ ಅಡುಗೆಮನೆ ಬಾಗಿಲಿಂದ ಕಣ್ಣಲ್ಲೇ ಗದರಿಸಿದಳು. ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟೆ.

'ಸೋಮವಾರದಿಂದ ಅಂಬಿಕಾನಗರದಾಗ ನನಗ ಸಾಲಿ ಐತಿ, ಅಪ್ಪಾ. ನಾ ಊರಿಗೆ ಬರೂದಿಲ್ಲ.'

ಅಪ್ಪ ಕೆಲಸದ ಬಗ್ಗೆ ಒಂದು ಮಾತೂ ಕೇಳಲಿಲ್ಲ.

'ಅಲ್ಲೀತನಕ ಯಾರ ಜೋಡಿ ಹೋಗಿದ್ದಿ?'

'ಒಬ್ಬಾಕಿನ.'

ಹಾಗಾದರೆ ಗಂಡಿನವರಿಗೆ ಏನಂತ ಹೇಳಲಿ ಎಂದು ಕೇಳಿದರು. ಅಪ್ಪ ಯಾವುದಕ್ಕಾದರೂ ನನ್ನನ್ನು ಕೇಳಿದ್ದು ಅದೇ ಮೊದಲು.