ಲಂಗರು ಇಳಿಸಿ ಹೊರಟ ರೇಸು

ಹಳೆಯ ರೇಸಿನ ದೋಣಿ ಕೊಂಡವರಿಗೆ ಒಂದೇ ಹುಚ್ಚು, ಭಾರ ಇಳಿಸುವುದು. ಎಪ್ಪತ್ತರ ದಶಕದ ಮುಂಬೈ ಮಾತು. ನಮ್ಮ ಆಫೀಸಿನ ಸಾಹೇಬರು ಧಾರವಾಡದವರು, ಮರದ ಹಳೆಯ ಹಾಯಿದೋಣಿಯೊಂದನ್ನು ಕೊಂಡಿದ್ದರು. ನಾನು ಕಾರವಾರದವನು ಎಂಬ ಒಂದೇ ತಪ್ಪಿಗೆ ಭಾನುವಾರವೂ ಮುಲುಂಡಿನಿಂದ ಲೋಕಲ್ ಹಿಡಿದು ಬಂದು ಅದರ ಹಗ್ಗ ಎಳೆಯಬೇಕಿತ್ತು.

ಆ ಭಾನುವಾರ ಸಾಹೇಬರು ನನ್ನ ಊಟದ ಡಬ್ಬಿ, ನೀರಿನ ಕ್ಯಾನು, ಕಡೆಗೆ ಲಂಗರನ್ನೂ ದೋಣಿ ಕಟ್ಟುವ ಧಕ್ಕೆಯ ಮೇಲೆ ಇಳಿಸಿಬಿಟ್ಟರು.

"ಸರ್, ಲಂಗರಾದರೂ ಇರಲಿ," ಎಂದೆ.

"ರೇಸಿಗೆ ಹೊಂಟೇವಿ, ಸಂತಿಗಲ್ಲ."

ಅವರೊಬ್ಬರೇ ನನ್ನಂಥ ಇಬ್ಬರ ತೂಕ ಇದ್ದರು. ಅದನ್ನು ಇಳಿಸುವ ಮಾತು ಮಾತ್ರ ಬರಲಿಲ್ಲ.

ಮಧ್ಯಾಹ್ನದವರೆಗೆ ನಾವೇ ಮುಂದಿದ್ದೆವು. ಆಮೇಲೆ ಗಾಳಿ ಬಿದ್ದುಹೋಯಿತು. ಮುಂಬೈ ಬಂದರಿನಲ್ಲಿ ಗಾಳಿ ನಿಂತರೂ ನೀರಿನ ಸೆಳೆತ ನಿಲ್ಲುವುದಿಲ್ಲ. ಉಳಿದವರೆಲ್ಲ ಲಂಗರು ಹಾಕಿ, ಡಬ್ಬಿ ಬಿಚ್ಚಿ ಕೂತರು. ನಾವು ಮಾತ್ರ ಹಿಂದಕ್ಕೆ ತೇಲುತ್ತ, ಒಂದೊಂದೇ ದೋಣಿಯವರು ಉಣ್ಣುವುದನ್ನು ನೋಡುತ್ತ, ಹೊರಟ ಗೆರೆಯನ್ನೂ ದಾಟಿ ಹಿಂದೆ ಹೋದೆವು.

"ನೀರು ಅದ ಏನೋ?" ಎಂದು ಕೇಳಿದರು ಸಾಹೇಬರು.

"ಧಕ್ಕೆಯ ಮೇಲಿದೆ, ಸರ್."

ಮರುದಿನ ಆಫೀಸಿನಲ್ಲಿ ಯಾರೋ ಸೋತದ್ದು ಯಾಕೆಂದು ವಿಚಾರಿಸಿದರು. ಸಾಹೇಬರು ನನ್ನ ಕಡೆ ಕೈ ತೋರಿಸಿ, "ಏನ್ ಮಾಡೋದ್ರೀ, ಇಂವ ಮುಂಜಾನೆ ಹೊಟ್ಟಿ ತುಂಬ ತಿಂದು ಬಂದಿದ್ದ," ಎಂದರು.

ಮುಂದಿನ ಭಾನುವಾರ ನಾನು ಎರಡರಷ್ಟು ತಿಂದೇ ಹೋದೆ. ಅದನ್ನು ಧಕ್ಕೆಯ ಮೇಲೆ ಇಳಿಸುವುದು ಅವರಿಂದಲೂ ಆಗುವ ಕೆಲಸವಲ್ಲವಲ್ಲ.